ಎತ್ತಿಗೆ ಜ್ವರ, ಎಮ್ಮೆಗೆ ಬರೆ

2024ನೆಯ ಇಸವಿ ಏಪ್ರಿಲ್ 1ರಂದು ಅಮೆರಿಕದ ಅಲಾಸ್ಕ ರಾಜ್ಯದ ಮೀನುಗಾರಿಕೆ ಇಲಾಖೆಯೂ ಕೆನಡಾ ದೇಶದ ಮೀನುಗಾರಿಕೆ ಇಲಾಖೆಯೂ ಒಂದು ಕರಾರು ಮಾಡಿಕೊಂಡವು. ಕರಾರಿನ ಸಾರ ಇಷ್ಟೆ: ಕೆನಡಾದಲ್ಲಿ ಹುಟ್ಟಿ ಯೂಕಾನ್ ನದಿಗೆ ಮರಳುವ ಚಿನೂಕ್ ಎಂಬ ಜಾತಿಯ ಸಾಲ್ಮನ್ ಮೀನನ್ನು ಏಳು ವರ್ಷಗಳ ಕಾಲ ಹಿಡಿಯತಕ್ಕದ್ದಲ್ಲ. ವ್ಯಾಪಾರಕ್ಕೂ ಇಲ್ಲ, ಮೋಜಿಗೂ ಇಲ್ಲ, ಮನೆಯ ಊಟಕ್ಕೂ ಇಲ್ಲ. ಏಳು ವರ್ಷವೆಂದರೆ ಆ ಮೀನಿನ ಒಂದು ತಲೆಮಾರು ಎಂದು ಲೆಕ್ಕ ಹಾಕಿ ಈ ಅವಧಿಯನ್ನು ಗೊತ್ತು ಮಾಡಿದ್ದಾರೆ.

ಭೂಮಂಡಲದ ಉತ್ತರದ ತುದಿಯಲ್ಲಿ ಹರಿಯುವ ನದಿಯ ಮೀನಿನ ಗೊಡವೆ ನಮಗೇಕೆ ಎಂದು ಓದುಗರು ಕೇಳಬಹುದು. ಗಿರಣಿಯ ಪಾಳಿ ಮುಗಿಸಿ ಬಂದವನಿಗೆ ರೇಷನ್ನಿನ ಚಿಂತೆ, ಪೇಟೆಯ ಚಿಕ್ಕ ವ್ಯಾಪಾರಿಗೆ ಉದ್ರಿ ವಸೂಲಿಯ ಚಿಂತೆ. ಆದರೆ ಏಳು ವರ್ಷ ಬೀಗ ಹಾಕಿದ ಗಿರಣಿ ಎಂದರೇನೆಂಬುದನ್ನು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ನಷ್ಟ ಬಂದಾಗ ಆ ನಷ್ಟ ಮೊದಲು ಯಾರ ತಲೆಯ ಮೇಲೆ ಬೀಳುತ್ತದೆ ಎಂಬ ಪ್ರಶ್ನೆ ಎಲ್ಲ ದೇಶದ ದುಡಿಯುವ ಜನರಿಗೂ ಒಂದೇ. ಯೂಕಾನ್ ನದಿಯ ಕಥೆಯಲ್ಲಿ ಆ ಪ್ರಶ್ನೆ ಮುಸುಕಿಲ್ಲದೆ ನಿಂತಿದೆ. ಆದ್ದರಿಂದ ಅದನ್ನು ಬುಡದಿಂದ ಹೇಳುತ್ತೇವೆ.

ನದಿ ಮತ್ತು ಗೆರೆ

ಭೂಪಟ ತೆರೆದು ನೋಡಿದರೆ ಯೂಕಾನ್ ನದಿಯ ನಡೆ ವಿಚಿತ್ರವಾಗಿ ಕಾಣುತ್ತದೆ. ಅದು ಹುಟ್ಟುವುದು ಕೆನಡಾದ ಪಶ್ಚಿಮದಲ್ಲಿ, ಶಾಂತಸಾಗರಕ್ಕೆ ಹೆಚ್ಚು ದೂರವಿಲ್ಲದ ಹಿಮಗಡ್ಡೆ ಮತ್ತು ಸರೋವರಗಳಲ್ಲಿ. ಆದರೆ ಹತ್ತಿರದ ಸಮುದ್ರಕ್ಕೆ ಬೆನ್ನು ಹಾಕಿ ಉತ್ತರಕ್ಕೆ ಹೊರಡುತ್ತದೆ. ವೈಟ್‌ಹಾರ್ಸ್ ಊರನ್ನು ದಾಟಿ, ಡಾಸನ್ ಊರನ್ನು ದಾಟಿ, ಅಲಾಸ್ಕಕ್ಕೆ ಹೊಕ್ಕು, ಆ ರಾಜ್ಯವನ್ನು ಉದ್ದಕ್ಕೂ ಸೀಳಿಕೊಂಡು ಪಶ್ಚಿಮದ ಬೇರಿಂಗ್ ಸಮುದ್ರ ಸೇರುತ್ತದೆ. ಒಟ್ಟು ಸುಮಾರು 3,190 ಕಿಲೋಮೀಟರ್ ಹಾದಿ.

ನಡುವೆ ಬರುವ ಗಡಿ ಬೆಟ್ಟದ ಸಾಲಲ್ಲ, ಹೊಳೆಯಲ್ಲ, ರೇಖಾಂಶದ ಗೆರೆ. 1825ರಲ್ಲಿ ರಷ್ಯದ ಚಕ್ರವರ್ತಿಯ ಸರ್ಕಾರವೂ ಬ್ರಿಟಿಷರ ಸರ್ಕಾರವೂ ಕುಳಿತು, ಪಶ್ಚಿಮದ 141ನೆಯ ರೇಖಾಂಶದಿಂದ ಆಚೆಗೆ ನಿನ್ನದು, ಈಚೆಗೆ ನನ್ನದು ಎಂದು ಹಂಚಿಕೊಂಡವು. 1867ರಲ್ಲಿ ರಷ್ಯ ತನ್ನ ಪಾಲನ್ನು 72 ಲಕ್ಷ ಡಾಲರಿಗೆ ಅಮೆರಿಕಕ್ಕೆ ಮಾರಿತು. ಹಂಚಿಕೆಯ ಕಾಲಕ್ಕಾಗಲಿ ಮಾರಾಟದ ಕಾಲಕ್ಕಾಗಲಿ ಆ ನೆಲದಲ್ಲಿ ಸಾವಿರಾರು ವರ್ಷದಿಂದ ಬದುಕಿದ್ದ ಜನರನ್ನು ಯಾರೂ ಕೇಳಲಿಲ್ಲ. ಮೇಲ್ಹೊಳೆಯ ಅಥಬಾಸ್ಕನ್ ಬುಡಕಟ್ಟುಗಳ ನಡುವೆಯೇ ಗೆರೆ ಹಾಯಿತು. ಹಾನ್ ಎಂಬ ಜನರಲ್ಲಿ ಅರ್ಧ ಅಮೆರಿಕದವರಾದರು, ಅರ್ಧ ಬ್ರಿಟಿಷ್ ಪ್ರಜೆಗಳಾದರು. ಅಣ್ಣ ಒಂದು ದೇಶ, ತಮ್ಮ ಇನ್ನೊಂದು ದೇಶ.

ಮೀನಿಗೆ ಮಾತ್ರ ಈ ಗೆರೆ ಗೊತ್ತಿಲ್ಲ. ಚಿನೂಕ್ ಮರಿ ಮೇಲ್ಹೊಳೆಯ ತಣ್ಣನೆಯ ಹಳ್ಳಗಳ ಜಲ್ಲಿಕಲ್ಲಿನ ನಡುವೆ ಹುಟ್ಟುತ್ತದೆ. ಸ್ವಲ್ಪ ಕಾಲ ಅಲ್ಲೇ ಬೆಳೆದು ನದಿಯ ಜೊತೆ ಸಮುದ್ರಕ್ಕಿಳಿಯುತ್ತದೆ. ಕೆಲವು ವರ್ಷ ಸಮುದ್ರದಲ್ಲಿ ಮೇಯ್ದು, ಮೈತುಂಬ ಕೊಬ್ಬು ಕೂಡಿಸಿಕೊಂಡು, ತಾನು ಹುಟ್ಟಿದ ಹಳ್ಳಕ್ಕೇ ಹಿಂದಿರುಗುತ್ತದೆ. ಸಿಹಿನೀರಿಗೆ ಬಂದ ಮೇಲೆ ಅದು ಏನನ್ನೂ ತಿನ್ನುವುದಿಲ್ಲ. ಎರಡು ಮೂರು ಸಾವಿರ ಕಿಲೋಮೀಟರ್ ಪ್ರವಾಹಕ್ಕೆ ಎದುರಾಗಿ ಈಜುವುದು ಬರಿಯ ಆ ಕೂಡಿಟ್ಟ ಕೊಬ್ಬಿನ ಬಲದಿಂದ. ಮೊಟ್ಟೆಯಿಟ್ಟ ಮೇಲೆ ಸಾಯುತ್ತದೆ. ಇಷ್ಟು ದೂರದ ಪಯಣಕ್ಕೆ ಬುತ್ತಿ ಕಟ್ಟಿಕೊಂಡು ಹೊರಡುವುದರಿಂದಲೇ ಯೂಕಾನಿನ ಚಿನೂಕ್ ಬೇರೆ ನದಿಯ ಮೀನಿಗಿಂತ ಹೆಚ್ಚು ಜಿಡ್ಡಿನದು, ಹೆಚ್ಚು ರುಚಿಯದು ಎಂದು ಹೆಸರಾಗಿದೆ.

ಆ ಹೊಳೆಯ ಜನಕ್ಕೆ ಈ ಮೀನು ಬರಿಯ ರುಚಿಯ ಮಾತಲ್ಲ. ನದೀಮುಖದಲ್ಲಿ ಯೂಪಿಕ್ ಜನ, ಮೇಲಕ್ಕೆ ಅಥಬಾಸ್ಕನ್ ಜನ, ಕೆನಡಾದ ಬದಿಯಲ್ಲಿ ಟ್ರೊಂಡೆಕ್ ಹ್ವೆಚಿನ್, ಟೆಸ್ಲಿನ್ ಟ್ಲಿಂಗಿಟ್ ಮುಂತಾದವರು. ಹೊಳೆಯ ದಂಡೆಯ ಬಹುಪಾಲು ಹಳ್ಳಿಗಳಿಗೆ ರಸ್ತೆಯಿಲ್ಲ. ಸಾಮಾನು ಬರುವುದು ವಿಮಾನದಲ್ಲಿ ಅಥವಾ ಬೇಸಗೆಯಲ್ಲಿ ದೋಣಿಯಲ್ಲಿ. ಬಾಡಿಗೆಯೆಲ್ಲ ಸೇರಿ ಅಂಗಡಿಯ ಬೆಲೆ ಕೈಗೆ ಎಟುಕದಷ್ಟಾಗುತ್ತದೆ. ಹೀಗಾಗಿ ಬೇಸಗೆಯ ಕೆಲವೇ ವಾರಗಳಲ್ಲಿ ಹೊಳೆಯ ದಂಡೆಗೆ ಸಂಸಾರ ಸಮೇತ ಹೋಗಿ ಬಿಡಾರ ಹೂಡಿ, ಮೀನು ಹಿಡಿದು, ಸೀಳಿ, ಗಳುಗಳ ಮೇಲೆ ಹರವಿ ಒಣಗಿಸಿ, ಹೊಗೆಮನೆಯಲ್ಲಿ ತೂಗುಹಾಕಿ ಚಳಿಗಾಲಕ್ಕೆ ಕೂಡಿಡುತ್ತಾರೆ. ನಮ್ಮ ಕಡೆ ಕಣದಲ್ಲಿ ರಾಶಿ ಮಾಡಿ ಹಗೇವು ತುಂಬಿದ ಹಾಗೆ. ಅಜ್ಜಿಯ ಪಕ್ಕದಲ್ಲಿ ಕುಳಿತು ಮೊಮ್ಮಗಳು ಮೀನು ಸೀಳುವುದನ್ನು ಕಲಿಯುವುದೂ ಅಲ್ಲೇ, ತಾಯ್ನುಡಿಯ ಮಾತುಗಳನ್ನು ಕಿವಿಗೆ ಹಾಕಿಕೊಳ್ಳುವುದೂ ಅಲ್ಲೇ. ಒಂದು ಮೀನಿನ ಹಿಂದೆ ಒಂದು ವರ್ಷದ ಅನ್ನವಿದೆ, ಒಂದು ಪಾಠಶಾಲೆಯಿದೆ.

ಚಿನ್ನ ಕೊಂಡುಹೋದ ಹೆಸರು

ಕ್ಲಾಂಡೈಕ್ ಎಂಬ ಹೆಸರನ್ನು ಪ್ರಪಂಚ ಚಿನ್ನದ ಹೆಸರೆಂದು ಬಲ್ಲುದು. ನಿಜವಾಗಿ ಅದು ಮೀನಿನ ಹೆಸರು. ಡಾಸನ್ನಿನ ಬಳಿ ಯೂಕಾನಿಗೆ ಸೇರುವ ಉಪನದಿಯನ್ನು ಅಲ್ಲಿನ ಜನ ಟ್ರೊಂಡೆಕ್ ಎಂದು ಕರೆಯುತ್ತಿದ್ದರು. ಮೀನು ಹಿಡಿಯುವ ಬೇಲಿ ಕಟ್ಟಲು ಹೊಳೆಯ ತಳಕ್ಕೆ ಗೂಟ ಬಡಿಯುವ ಕಲ್ಲಿನಿಂದ ಬಂದ ಹೆಸರು ಅದು. ಬಿಳಿಯರ ನಾಲಗೆ ತಿರುಗದೆ ಅದು ಕ್ಲಾಂಡೈಕ್ ಆಯಿತು.

1896ರ ಆಗಸ್ಟಿನಲ್ಲಿ ಅದರ ಪಕ್ಕದ ಹಳ್ಳವೊಂದರಲ್ಲಿ ಚಿನ್ನ ಸಿಕ್ಕಿತು. ಎರಡೇ ವರ್ಷದಲ್ಲಿ ಡಾಸನ್ ಊರಿಗೆ ಸುಮಾರು 30,000 ಜನ ನುಗ್ಗಿದರು. ಉಪನದಿಯ ಬಾಯಲ್ಲಿದ್ದ ಮೀನಿನ ಬಿಡಾರವನ್ನು ಬಿಟ್ಟು ಟ್ರೊಂಡೆಕ್ ಹ್ವೆಚಿನ್ ಜನ ಹೊಳೆಯ ಕೆಳಗೆ ಕೆಲವು ಕಿಲೋಮೀಟರ್ ದೂರದ ಮೂಸ್‌ಹೈಡ್ ಎಂಬಲ್ಲಿಗೆ ಹೋಗಬೇಕಾಯಿತು. ಅವರ ಮುಖಂಡ ಐಸಾಕ್ ಎಂಬಾತ ದೂರದೃಷ್ಟಿಯುಳ್ಳವನು. ಈ ಗದ್ದಲದಲ್ಲಿ ತಮ್ಮ ಹಾಡು ಕುಣಿತಗಳು ಉಳಿಯಲಾರವೆಂದು ಕಂಡು, ಅವನ್ನು ಗಡಿಯಾಚೆಯ ಅಲಾಸ್ಕದ ನಂಟರ ವಶಕ್ಕೆ ಕಾಪಾಡಲು ಕೊಟ್ಟ. ಸುಮಾರು ಒಂದು ಶತಮಾನದ ಮೇಲೆ ಮೊಮ್ಮಕ್ಕಳ ಕಾಲದವರು ಹೋಗಿ ಮತ್ತೆ ಕಲಿತುಕೊಂಡು ಬಂದರು. 2023ರಲ್ಲಿ ಯುನೆಸ್ಕೋ ಸಂಸ್ಥೆ ಆ ಪ್ರದೇಶವನ್ನು ಟ್ರೊಂಡೆಕ್-ಕ್ಲಾಂಡೈಕ್ ಎಂಬ ಜೋಡಿ ಹೆಸರಿನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಲಿನ ಹೆಸರು ಮರಳಿ ಬಂದಿತು. ಆ ಹೊತ್ತಿಗೆ ಮೀನು ಹೋಗಿತ್ತು.

ಚಿನ್ನದ ಹಸಿವು ಇನ್ನೂ ತೀರಿಲ್ಲ. 2024ರ ಜೂನಿನಲ್ಲಿ ಕೆನಡಾದ ಬದಿಯ ಮೇಯೋ ಊರಿನ ಕಡೆಯ ಈಗಲ್ ಎಂಬ ಚಿನ್ನದ ಗಣಿಯಲ್ಲಿ ಅದಿರಿನ ರಾಶಿ ಕುಸಿದು, ಸಯನೈಡ್ ಬೆರೆತ ನೀರು ಕಟ್ಟೆ ಮೀರಿ ಹೊರಬಿತ್ತು. ಆ ಗಣಿಯ ಕೆಳಗಿನ ಹಳ್ಳ ಕೊನೆಗೆ ಸೇರುವುದು ಯೂಕಾನನ್ನೇ. ಕೋಲಾರದ ಗಣಿಯೂರಿನ ಸಯನೈಡ್ ದಿಬ್ಬಗಳನ್ನು ಕಂಡವರಿಗೆ ಈ ವ್ಯವಹಾರ ಗೊತ್ತಿದೆ. ಚಿನ್ನ ಊರು ಬಿಟ್ಟು ಹೋಗುತ್ತದೆ, ವಿಷ ಊರಲ್ಲೇ ಉಳಿಯುತ್ತದೆ.

ಡಬ್ಬಿಯ ಕಾರ್ಖಾನೆ ಕಲಿಸಿದ್ದು

ಹೊಳೆಯ ಬಾಯಲ್ಲಿ ಒಬ್ಬ ಬಲೆ ಹಾಕಿದರೆ ತಲೆಯಲ್ಲಿರುವವನ ಮಡಕೆ ಬರಿದಾಗುತ್ತದೆ ಎಂಬ ಪಾಠವನ್ನು ಯೂಕಾನ್ ಜನ ನೂರು ವರ್ಷದ ಹಿಂದೆಯೇ ಕಲಿತಿದ್ದಾರೆ. 1918ರಲ್ಲಿ ಹೊರಗಿನಿಂದ ಬಂದ ಕಂಪನಿಯೊಂದು ಕೆಳಹೊಳೆಯಲ್ಲಿ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆ ಹೂಡಿತು. ಮರುವರ್ಷ 1919ರಲ್ಲಿ ಮೇಲ್ಹೊಳೆಯ ಹಳ್ಳಿಗಳಿಗೆ ಮೀನು ಬರಲಿಲ್ಲ. ಮನುಷ್ಯರಿಗೆ ಊಟವಿಲ್ಲ, ಗಾಡಿ ಎಳೆಯುವ ನಾಯಿಗಳಿಗೆ ಮೇವಿಲ್ಲ. ಹಡ್ಸನ್ ಸ್ಟಕ್ ಎಂಬ ಪಾದ್ರಿ ಈ ಕಾರ್ಖಾನೆಯ ವಿರುದ್ಧ ವಾಷಿಂಗ್ಟನ್ನಿನ ತನಕ ದೂರು ಒಯ್ದ. ಅವನು 1920ರಲ್ಲಿ ತೀರಿಹೋದ. ಆದರೂ ದೂರು ಸಾಯಲಿಲ್ಲ. 1920ರ ದಶಕದ ನಡುವಿನಲ್ಲಿ, ಹೊರಗೆ ಕಳಿಸಿ ಮಾರುವುದಕ್ಕಾಗಿ ಆ ನದಿಯಲ್ಲಿ ಮೀನು ಹಿಡಿಯುವುದನ್ನು ಅಮೆರಿಕದ ಸರ್ಕಾರ ಕೆಲವು ವರ್ಷ ನಿಲ್ಲಿಸಿತು.

ಈ ಮಾತನ್ನು ನೆನಪಿಡಬೇಕು. ಅಂದು ಮೀನು ಕಡಿಮೆಯಾದಾಗ ಸರ್ಕಾರ ಮೊದಲು ಬಾಗಿಲು ಹಾಕಿಸಿದ್ದು ಕಾರ್ಖಾನೆಗೆ. ಹಳ್ಳಿಯ ಹೊಗೆಮನೆಗೆ ಅಲ್ಲ. ನೂರು ವರ್ಷದ ಹಿಂದಿನ ಆಳರಸರಿಗೂ ಆ ಕ್ರಮ ತಿಳಿದಿತ್ತು.

ಎರಡು ದೇಶಗಳ ಒಪ್ಪಂದ

ಯೂಕಾನಿನಲ್ಲಿ ಬರುವ ಚಿನೂಕ್ ಮೀನಿನಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಹುಟ್ಟುವುದು ಕೆನಡಾದ ಹಳ್ಳಗಳಲ್ಲಿ. ಆದರೆ ಅವು ಹುಟ್ಟಿದ ಊರು ಸೇರುವ ಮೊದಲು ಅಲಾಸ್ಕದ ಉದ್ದಕ್ಕೂ ಸಾಲಾಗಿ ನಿಂತ ಬಲೆಗಳನ್ನು ದಾಟಬೇಕು. ತೊಟ್ಟಿಲು ಒಬ್ಬರದು, ಹಾದಿ ಇನ್ನೊಬ್ಬರದು. ಆದ್ದರಿಂದ ಕೆನಡಾ ತನ್ನ ಪಾಲು ಕೇಳಿತು. 1985ರಲ್ಲಿ ಎರಡೂ ದೇಶ ಶಾಂತಸಾಗರದ ಸಾಲ್ಮನ್ ಬಗ್ಗೆ ಒಪ್ಪಂದ ಮಾಡಿಕೊಂಡಾಗ ಯೂಕಾನಿನ ಮಾತು ಬಗೆಹರಿಯಲಿಲ್ಲ. ಮಾತುಕತೆ ಹದಿನಾರು ವರ್ಷ ಎಳೆಯಿತು. 2001ರಲ್ಲಿ ಒಮ್ಮತವಾಗಿ 2002ರಲ್ಲಿ ಸಹಿ ಬಿತ್ತು. ಎರಡೂ ಕಡೆಯವರು ಕೂಡುವ ಒಂದು ನದೀ ಮಂಡಲಿ ಏರ್ಪಟ್ಟಿತು. ಗಡಿ ದಾಟಿ ಇಷ್ಟು ಮೀನು ಮೊಟ್ಟೆಯಿಡಲು ಹೋಗಲೇಬೇಕು ಎಂದು ಅಂಕಿ ಗೊತ್ತಾಯಿತು. ಕಳೆದ ದಶಕದಲ್ಲಿ ಆ ಅಂಕಿ 42,500ರಿಂದ 55,000 ಇತ್ತು.

ಒಪ್ಪಂದದ ಬೆನ್ನಿಗೆ ನಿಂತು ಜನರೇ ಮಾಡಿದ ಕೆಲಸವೂ ಸಣ್ಣದಲ್ಲ. 1990ರಲ್ಲಿ ಹುಟ್ಟಿದ ಯೂಕಾನ್ ಮೀನುಗಾರರ ಸಂಘ ಬೇಸಗೆಯಲ್ಲಿ ವಾರ ವಾರವೂ ಟೆಲಿಫೋನಿನಲ್ಲಿ ಸಭೆ ಕೂಡಿಸುತ್ತ ಬಂದಿದೆ. ನದೀಮುಖದ ಹಳ್ಳಿಯವನು ನಮ್ಮಲ್ಲಿ ಇಷ್ಟು ಮೀನು ಕಂಡಿತು ಎನ್ನುತ್ತಾನೆ; ಗಡಿಯಾಚೆಯವಳು ನಮ್ಮಲ್ಲಿ ಇನ್ನೂ ಬಂದಿಲ್ಲ ಎನ್ನುತ್ತಾಳೆ. ಮೂರು ಸಾವಿರ ಕಿಲೋಮೀಟರ್ ಉದ್ದದ ಒಂದು ಪಂಚಾಯಿತಿ ಇದು. ದೊಡ್ಡ ಹೆಣ್ಣುಮೀನು ಉಳಿಯಲೆಂದು ಬಲೆಯ ಕಣ್ಣು ಏಳೂವರೆ ಅಂಗುಲ ಮೀರಕೂಡದೆಂದು 2011ರಲ್ಲಿ ಅಲಾಸ್ಕದಲ್ಲಿ ನಿಯಮ ಬಂದಿತು. ಮೀನುಗಾರರು ಹಳೆಯ ಬಲೆ ಮಡಿಸಿಟ್ಟು ಹೊಸ ಬಲೆ ತರಬೇಕಾಯಿತು. ಕೆನಡಾದ ಟೆಸ್ಲಿನ್ ಟ್ಲಿಂಗಿಟ್ ಜನ ಸರ್ಕಾರ ಹೇಳುವ ಮೊದಲೇ, ಅನೇಕ ವರ್ಷಗಳಿಂದ, ಚಿನೂಕ್ ಹಿಡಿಯುವುದನ್ನು ತಾವಾಗಿಯೇ ಬಿಟ್ಟಿದ್ದರು. ಮೀನು ಉಳಿಯಲಿ ಎಂಬ ಕಳಕಳಿಯನ್ನು ಈ ಜನಕ್ಕೆ ಪಟ್ಟಣದ ಯಾವ ಅಧಿಕಾರಿಯೂ ಬೋಧಿಸಬೇಕಾಗಿಲ್ಲ.

ಮೀನು ಬಾರದ ವರ್ಷಗಳು

ಇಷ್ಟಾದರೂ ಮೀನು ಕುಗ್ಗುತ್ತ ಬಂದಿತು. 2019ರ ಬೇಸಗೆಯಲ್ಲಿ ಅಲಾಸ್ಕದಲ್ಲಿ ಹಿಂದೆಂದೂ ಕಾಣದ ಬಿಸಿಲು. ಯೂಕಾನಿನ ಉಪನದಿ ಕೋಯುಕುಕ್‌ನಲ್ಲಿ ಚಮ್ ಎಂಬ ಇನ್ನೊಂದು ಜಾತಿಯ ಸಾಲ್ಮನ್ ಮೊಟ್ಟೆಯಿಡುವ ಮೊದಲೇ ಬಿಸಿನೀರಿನಲ್ಲಿ ಸತ್ತು ತೇಲಿದವು. ಹೊಟ್ಟೆ ಸೀಳಿದರೆ ಮೊಟ್ಟೆ ಹಾಗೆಯೇ ಇದ್ದವು. ಬೇರಿಂಗ್ ಸಮುದ್ರವೂ ಆ ವರ್ಷಗಳಲ್ಲಿ ಕಾದಿತ್ತು. ಚಳಿಗಾಲದ ಮಂಜುಗಡ್ಡೆ ತೀರ ಕಡಿಮೆಯಾಗಿತ್ತು. ಮರಿಮೀನಿಗೆ ಕೊಬ್ಬಿನ ಆಹಾರ ಸಿಗಲಿಲ್ಲ.

ಬೇಸಗೆಯ ಚಮ್ ಹಿಂದೆ ವರ್ಷಕ್ಕೆ ಹತ್ತು ಲಕ್ಷ ಮೀರಿ ಬರುತ್ತಿದ್ದುದು 2021ರಲ್ಲಿ ಎರಡು ಲಕ್ಷವನ್ನೂ ಮುಟ್ಟಲಿಲ್ಲ. ಆ ವರ್ಷ ನದಿಯಲ್ಲಿ ಚಿನೂಕ್ ಮತ್ತು ಚಮ್ ಎರಡನ್ನೂ ಹಿಡಿಯಕೂಡದೆಂದು ಆಜ್ಞೆಯಾಯಿತು. ಹೊಗೆಮನೆಗಳು ಖಾಲಿ ನಿಂತವು. ಅದೇ ಅಲಾಸ್ಕದ ದಕ್ಷಿಣದ ಬ್ರಿಸ್ಟಲ್ ಕೊಲ್ಲಿಯಲ್ಲಿ ಅದೇ ವರ್ಷ ಬೇರೆ ಜಾತಿಯ ಸಾಲ್ಮನ್ ದಾಖಲೆ ಮೀರಿ ಬಂದಿತು. ಅಲ್ಲಿಂದ ಮೀನನ್ನು ವಿಮಾನದಲ್ಲಿ ತಂದು ಯೂಕಾನ್ ಹಳ್ಳಿಗಳಿಗೆ ದಾನವಾಗಿ ಹಂಚಿದರು. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಬಲೆ ಬೀಸಿ ಬದುಕಿದ ಕೈ ದಾನಕ್ಕೆ ಚಾಚುವುದು ಏನೆಂಬುದನ್ನು ಕೆಲಸ ಕಳೆದುಕೊಂಡ ಕೆಲಸಗಾರನನ್ನು ಕೇಳಿ ತಿಳಿಯಬೇಕು.

ಚಿನೂಕ್ ಲೆಕ್ಕ ಇನ್ನೂ ಘೋರ. 2022ರಲ್ಲಿ ಗಡಿ ದಾಟಿದ್ದು ಸುಮಾರು 12,000. 2023ರಲ್ಲಿ ಸುಮಾರು 15,000. 2024ರಲ್ಲಿ ಸ್ವಲ್ಪ ಏರಿ ಸುಮಾರು 24,000. ಬೇಕಾಗಿದ್ದುದು ಕಡೆಯ ಪಕ್ಷ 42,500. ವೈಟ್‌ಹಾರ್ಸ್ ಊರಿನ ಬಳಿ 1958ರಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿ, ಮೀನು ಹತ್ತಿ ಹೋಗಲೆಂದು ಮರದ ಮೆಟ್ಟಿಲುಗಾಲುವೆ ಮಾಡಿದ್ದಾರೆ. 366 ಮೀಟರ್ ಉದ್ದ. ಒಳ್ಳೆಯ ವರ್ಷದಲ್ಲಿ ಸಾವಿರ ಮೀರಿ ಮೀನು ಹತ್ತುತ್ತಿದ್ದ ಆ ಮೆಟ್ಟಿಲನ್ನು 2022ರಲ್ಲಿ ಹತ್ತಿದವು ಇನ್ನೂರನ್ನೂ ಮುಟ್ಟಲಿಲ್ಲ. ಸಮುದ್ರದಿಂದ ಮೂರು ಸಾವಿರ ಕಿಲೋಮೀಟರ್ ಬಂದು ತಲುಪಿದವು ಇಷ್ಟು.

ಸಮುದ್ರದ ಜಮೆ-ಖರ್ಚು

ಇನ್ನು ಸಮುದ್ರಕ್ಕೆ ಹೋಗೋಣ. ಯೂಕಾನಿನ ಮೀನು ಮೇಯುವ ಬೇರಿಂಗ್ ಸಮುದ್ರದಲ್ಲೇ ಪೊಲಾಕ್ ಎಂಬ ಮೀನನ್ನು ದೊಡ್ಡ ಹಡಗುಗಳು ಹಿಡಿಯುತ್ತವೆ. ಇವು ಬರಿಯ ದೋಣಿಗಳಲ್ಲ. ಕೆಲವು ಹಡಗಿನ ಮೇಲೆಯೇ ಮೀನು ಸೀಳಿ, ಹೆಪ್ಪುಗಟ್ಟಿಸಿ, ಪೆಟ್ಟಿಗೆ ಕಟ್ಟುವ ತೇಲುವ ಕಾರ್ಖಾನೆಗಳು. ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮಿಗಿಲಾದ ಪೊಲಾಕ್ ಹೀಗೆ ಸಮುದ್ರದಿಂದ ಬರುತ್ತದೆ. ಪಟ್ಟಣಗಳ ಹೋಟೆಲುಗಳಲ್ಲಿ ರೊಟ್ಟಿಯ ನಡುವೆ ಇಟ್ಟು ಕೊಡುವ ಮೀನಿನ ತುಂಡು ಬಹುಮಟ್ಟಿಗೆ ಇದೇ.

ಈ ಹಡಗುಗಳ ಬಲೆಗೆ ಪೊಲಾಕಿನ ಜೊತೆ ಸಾಲ್ಮನ್ನೂ ಬೀಳುತ್ತದೆ. ಅದನ್ನು ಅವರು ಮಾರುವ ಹಾಗಿಲ್ಲ. ಕೆಲವನ್ನು ದಾನಕ್ಕೆ ಕೊಡುತ್ತಾರೆ, ಉಳಿದದ್ದು ವ್ಯರ್ಥ. 2007ರಲ್ಲಿ ಹೀಗೆ ಬಲೆಗೆ ಬಿದ್ದ ಚಿನೂಕ್ ಸುಮಾರು 1,22,000. ಗಲಾಟೆಯಾದ ಮೇಲೆ 2011ರಿಂದ ವರ್ಷಕ್ಕೆ 60,000ದ ಮೇಲ್ಮಿತಿ ಬಂದಿತು, ಸಂಖ್ಯೆ ಇಳಿಯಿತು. ಚಮ್ ಮೀನಿಗೆ ಅಂಥ ಮಿತಿ 2021ರಲ್ಲಿ ಇರಲಿಲ್ಲ. ಹೊಳೆಯ ಹಳ್ಳಿಯಲ್ಲಿ ಒಂದು ಚಮ್ ಹಿಡಿಯುವುದೂ ಅಪರಾಧವಾಗಿದ್ದ ಆ ವರ್ಷದಲ್ಲೇ ಸಮುದ್ರದ ಹಡಗುಗಳ ಬಲೆಗೆ ಬೇಡದ ಮೀನಾಗಿ ಬಿದ್ದ ಚಮ್ ಐದು ಲಕ್ಷಕ್ಕೂ ಹೆಚ್ಚು.

ಇಲ್ಲಿ ಲೆಕ್ಕವನ್ನು ನ್ಯಾಯವಾಗಿ ಬರೆಯಬೇಕು. ಆ ಐದು ಲಕ್ಷದಲ್ಲಿ ಹೆಚ್ಚಿನವು ಏಷ್ಯದ ಕಡೆ ಮರಿಮಾಡಿ ಬಿಟ್ಟ ಮೀನು. ಪಶ್ಚಿಮ ಅಲಾಸ್ಕದ ನದಿಗಳಿಗೆ ಸೇರಿದ್ದು ಸುಮಾರು ಹತ್ತರಲ್ಲಿ ಒಂದು ಪಾಲು ಎಂದು ಮೀನಿನ ವಂಶಪರೀಕ್ಷೆ ಮಾಡಿದ ವಿಜ್ಞಾನಿಗಳು ಹೇಳಿದ್ದಾರೆ. ನದಿ ಬರಿದಾಗಲು ಮುಖ್ಯ ಕಾರಣ ಸಮುದ್ರವೂ ಹೊಳೆಯೂ ಕಾದದ್ದು ಎಂಬುದೇ ಅವರ ಅಭಿಪ್ರಾಯ. ಇಕ್ತಿಯೋಫೋನಸ್ ಎಂಬ ಪರೋಪಜೀವಿಯ ರೋಗ ಚಿನೂಕ್ ಮೀನನ್ನು ದಾರಿಯಲ್ಲೇ ಕೊಲ್ಲುವುದೂ ಇದೆ. ಪೊಲಾಕ್ ಹಡಗಿನಲ್ಲಿ ದುಡಿಯುವವರೂ ಕೂಲಿಯವರೇ. 1992ರಿಂದ ಆ ವ್ಯಾಪಾರದಲ್ಲಿ ಪಶ್ಚಿಮ ಅಲಾಸ್ಕದ ಕರಾವಳಿ ಹಳ್ಳಿಗಳಿಗೆ ಒಂದು ಪಾಲು ಗೊತ್ತಾಗಿದೆ. ಈಗ ಅದು ಹತ್ತರಲ್ಲೊಂದು. ಇದೆಲ್ಲ ನಿಜ. ಹಡಗು ನಿಂತ ಮರುದಿನ ಹೊಳೆ ಮೀನಿನಿಂದ ತುಂಬುತ್ತದೆ ಎಂದು ಹೇಳುವವನು ಜನರಿಗೆ ಮೋಸ ಮಾಡಿದಂತೆ.

ಆದರೆ ನಮ್ಮ ಪ್ರಶ್ನೆ ಬೇರೆ. ಹತ್ತರಲ್ಲಿ ಒಂದು ಪಾಲೆಂದರೂ ಸುಮಾರು ಐವತ್ತು ಸಾವಿರ ಮೀನು. ಒಂದು ಮೀನಿಗೂ ಅನುಮತಿಯಿಲ್ಲದ ಹಳ್ಳಿಗೆ ಹೋಗಿ ಐವತ್ತು ಸಾವಿರ ಅತ್ಯಲ್ಪವೆಂದು ಹೇಳುವ ಬಾಯಿ ಯಾವುದು? ಸಮುದ್ರ ಕಾದದ್ದು ಹೊಗೆಮನೆಯ ಹೊಗೆಯಿಂದಲೇ? ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಟ್ಟು ಶ್ರೀಮಂತವಾದ ದೇಶಗಳ ಜ್ವರ ಅದು. ಅಣೆಕಟ್ಟು ಕಟ್ಟಿದವರು ಬೇರೆ, ಗಣಿ ತೋಡಿದವರು ಬೇರೆ, ಹಡಗು ಕಳಿಸಿದವರು ಬೇರೆ. ಬಲೆ ಮಡಿಸಬೇಕಾದವರು ಮಾತ್ರ ಹೊಳೆಯ ದಂಡೆಯವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ನಮ್ಮ ಗಾದೆ ಹುಟ್ಟಿದ್ದು ಇಂಥ ವೈದ್ಯವನ್ನು ಕಂಡೇ.

ಮಂಚದ ಮೇಲೆ ಯಾರು, ನೆಲದ ಮೇಲೆ ಯಾರು

ಬರೆ ಎಳೆಯುವ ಕಬ್ಬಿಣ ಯಾರ ಕೈಯಲ್ಲಿದೆ ಎಂದು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಬೇರಿಂಗ್ ಸಮುದ್ರದಲ್ಲಿ ಎಷ್ಟು ಹಿಡಿಯಬಹುದು, ಬಲೆಗೆ ಬಿದ್ದ ಸಾಲ್ಮನ್ ಎಷ್ಟರ ತನಕ ಕ್ಷಮ್ಯ ಎಂದು ಗೊತ್ತುಮಾಡಿ ಶಿಫಾರಸು ಮಾಡುವುದು ಉತ್ತರ ಶಾಂತಸಾಗರದ ಮೀನುಗಾರಿಕೆ ಮಂಡಲಿ. ಮತ ಹಾಕುವ ಹನ್ನೊಂದು ಸ್ಥಾನಗಳಿರುವ ಈ ಮಂಡಲಿಯನ್ನು ರಚಿಸಿದ ಕಾನೂನು ಮೂಲನಿವಾಸಿ ಬುಡಕಟ್ಟುಗಳಿಗೆಂದು ಒಂದು ಸ್ಥಾನವನ್ನೂ ಮೀಸಲಿಡಲಿಲ್ಲ. ಹಳ್ಳಿಯವರು ಬಂದು ಕೆಲವು ನಿಮಿಷ ಅಹವಾಲು ಹೇಳಿಕೊಳ್ಳಬಹುದು. ಕೈ ಎತ್ತುವ ಹಕ್ಕು ಬೇರೆಯವರದು.

ಏಳು ವರ್ಷದ ಕರಾರು ಬಂದಾಗಲೂ ಇದೇ ದೂರು ಕೇಳಿಬಂದಿತು. ಗಡಿಯ ಎರಡೂ ಕಡೆಯಿಂದ ಏಳು ವರ್ಷದಲ್ಲಿ 71,000 ಚಿನೂಕ್ ಕೆನಡಾ ಸೇರುವಂತೆ ಮಾಡುವುದು ಕರಾರಿನ ಗುರಿ. ಗುರಿ ಒಳ್ಳೆಯದು. ಆದರೆ ಸಹಿ ಹಾಕಿದವರು ಇಲಾಖೆಯವರು. ಬಲೆ ಮಡಿಸಬೇಕಾದ ನಮ್ಮನ್ನು ಸರಿಯಾಗಿ ಕೇಳದೆಯೇ ಮಾಡಿದರು ಎಂದು ಅಲಾಸ್ಕದ ಬುಡಕಟ್ಟಿನ ಮುಖಂಡರು ಆಕ್ಷೇಪಿಸಿದರು. ಮೀನು ಉಳಿಸಬೇಡಿ ಎಂದು ಅವರು ಹೇಳಲಿಲ್ಲ. ಹೇಳಿದ್ದು ಇಷ್ಟು: ನಮ್ಮ ಬಲೆ ನಿಲ್ಲಿಸುವ ಕಾಗದದಲ್ಲಿ ಸಮುದ್ರದ ಬಲೆಯ ಮಾತೇ ಇಲ್ಲವಲ್ಲ, ಏಕೆ?

ಇನ್ನೊಂದು ಭಯವೂ ಇದೆ. ಅದು ಅಂಕಿಯಲ್ಲಿ ಕಾಣುವುದಿಲ್ಲ. ಎಂಟು ವರ್ಷದ ಹುಡುಗಿ ಏಳು ವರ್ಷ ಕಳೆದರೆ ಹದಿನೈದರವಳಾಗುತ್ತಾಳೆ. ಎಪ್ಪತ್ತರ ಅಜ್ಜಿ ಎಪ್ಪತ್ತೇಳರವಳಾಗುತ್ತಾಳೆ, ಅಥವಾ ಇರುವುದಿಲ್ಲ. ಮೀನು ಸೀಳುವ ಕೈಚಳಕ ಪುಸ್ತಕದಿಂದ ಬರುವ ವಿದ್ಯೆಯಲ್ಲ. ಅದಕ್ಕಾಗಿಯೇ ಕರಾರಿನಲ್ಲಿ ಸಂಸ್ಕಾರ ಸಮಾರಂಭಗಳಿಗೆಂದು ಕೆಲವು ಮೀನು ಹಿಡಿಯಲು ಆಸ್ಪದ ಇಡುವ ಮಾತಿದೆ. ಆ ಕೆಲವು ಮೀನು ಎಷ್ಟು, ಎಂದು, ಎಲ್ಲಿ ಎಂಬುದನ್ನು ಹಳ್ಳಿಯೇ ತೀರ್ಮಾನಿಸುವಂತಾದರೆ ಬಿಡಾರದ ಒಲೆ ಆರದೆ ಉಳಿದೀತು. ಅದನ್ನೂ ಇಲಾಖೆಯ ಗುಮಾಸ್ತನೇ ತೀರ್ಮಾನಿಸಿದರೆ ಏಳು ವರ್ಷದ ಮೇಲೆ ಮೀನು ಬಂದರೂ ಹಿಡಿಯಬಲ್ಲ ಕೈ, ಸೀಳಬಲ್ಲ ಕೈ ಇರಲಾರದು.

ನಮ್ಮ ಅಭಿಪ್ರಾಯ

ಮೀನಿಗೆ ವಿಶ್ರಾಂತಿ ಬೇಕು ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಬೀಜದ ಕಾಳನ್ನು ತಿಂದವನು ಮುಂದಿನ ವರ್ಷ ಏನನ್ನು ಬಿತ್ತುತ್ತಾನೆ? ಹನ್ನೆರಡು ಸಾವಿರ ಮೀನು ಗಡಿ ದಾಟಿದ ವರ್ಷದಲ್ಲಿ ಹಕ್ಕಿನ ಹೆಸರಿನಲ್ಲಿ ಬಲೆ ಬೀಸಿ ಎಂದು ಹೇಳುವವನು ಆ ಜನರ ಮಿತ್ರನಲ್ಲ. ಯೂಕಾನ್ ಜನವೂ ಹಾಗೆ ಹೇಳುತ್ತಿಲ್ಲ.

ತ್ಯಾಗಕ್ಕೂ ಒಂದು ಕ್ರಮವುಂಟು. ಕೊರತೆ ಬಂದಾಗ ಮೊದಲು ನಿಲ್ಲಬೇಕಾದದ್ದು ಮೋಜಿನ ಬೇಟೆ, ಆಮೇಲೆ ಲಾಭದ ಬೇಟೆ, ಕಟ್ಟಕಡೆಗೆ ಹೊಟ್ಟೆಯ ಬೇಟೆ. ಈ ಕ್ರಮ ನದಿಯೊಳಗೆ ನಡೆಯುತ್ತದೆ. ಅಲಾಸ್ಕದ ಕಾನೂನೇ ಊಟದ ಮೀನಿಗೆ ಮೊದಲ ಸ್ಥಾನ ಕೊಟ್ಟಿದೆ. ಆದರೆ ನದಿ ಸಮುದ್ರ ಸೇರುವ ಜಾಗದಲ್ಲಿ ಈ ಕ್ರಮ ಮುರಿದುಬೀಳುತ್ತದೆ. ಅಲ್ಲಿಂದಾಚೆಗೆ ಬೇರೆ ಮಂಡಲಿ, ಬೇರೆ ಕಾನೂನು, ಬೇರೆ ತಕ್ಕಡಿ. ಮೀನು ಮಾತ್ರ ಒಂದೇ. ನದಿಯ ತಕ್ಕಡಿಯೂ ಸಮುದ್ರದ ತಕ್ಕಡಿಯೂ ಒಂದಾಗದೆ ನ್ಯಾಯವಾಗದು. ಹೊಳೆಯವನಿಗೆ ಸೊನ್ನೆ ಎಂದು ಗೊತ್ತುಮಾಡಿದ ವರ್ಷ ಹಡಗಿನವನ ಮಿತಿಯೂ ಇಳಿಯಬೇಕು. ಆ ಮಿತಿಯನ್ನು ಇಳಿಸುವ ಮೇಜಿನ ಸುತ್ತ ಹೊಳೆಯವನಿಗೆ ಅಹವಾಲಿನ ನಿಮಿಷಗಳಲ್ಲ, ಮತ ಬೇಕು. ಅಣೆಕಟ್ಟು ಮತ್ತು ಗಣಿಯಿಂದಾದ ಕೇಡನ್ನು ಸರಿಪಡಿಸುವ ಖರ್ಚು ಅವುಗಳಿಂದ ಲಾಭ ಉಂಡವರ ಖಾತೆಗೆ ಬೀಳಬೇಕು.

1825ರಲ್ಲಿ ಇಬ್ಬರು ದೊರೆಗಳು ಗೆರೆ ಎಳೆದಾಗ ಹೊಳೆಯವರನ್ನು ಕೇಳಲಿಲ್ಲ. 1867ರಲ್ಲಿ ಮಾರಿದಾಗ ಕೇಳಲಿಲ್ಲ. ಅವರನ್ನು ಸರಿಯಾಗಿ ಕೇಳಲಿಲ್ಲ ಎಂಬ ದೂರು 2024ರಲ್ಲೂ ಬಂದಿದೆ. ಏಳು ವರ್ಷದ ಗಡುವು ಮುಗಿಯುವುದು 2030ರ ಹೊತ್ತಿಗೆ. ಅಂದು ಮತ್ತೆ ಕಾಗದ ಬರೆಯಬೇಕಾಗುತ್ತದೆ. ವಾರ ವಾರ ಟೆಲಿಫೋನಿನಲ್ಲಿ ಕೂಡುವ ಆ ಮೂರು ಸಾವಿರ ಕಿಲೋಮೀಟರ್ ಉದ್ದದ ಪಂಚಾಯಿತಿ ಆ ಕಾಗದ ಬರೆಯುವ ಜಾಗದಲ್ಲಿ ಕುಳಿತಿರುತ್ತದೆಯೋ, ಬಾಗಿಲ ಹೊರಗೆ ನಿಂತಿರುತ್ತದೆಯೋ ಎಂಬುದನ್ನು ಗಡಿಯ ಎರಡೂ ಕಡೆಯ ಸರ್ಕಾರಗಳು ಈಗಲೇ ತೀರ್ಮಾನಿಸಬೇಕು. ಮೀನು ಮರಳಿ ಬರುವುದಕ್ಕೆ ಏಳು ವರ್ಷ ಬೇಕಾದೀತು. ಒಂದು ಕುರ್ಚಿ ಹಾಕಿಸುವುದಕ್ಕೆ ಏಳು ವರ್ಷ ಬೇಡ.